ಯುದ್ಧದ ನಡುವೆ ಚುನಾವಣೆ ಬೇಕೆ? ಯುಕ್ರೇನಿಗರ ಮನಸ್ಸು ಅಳೆಯುವ ಬಗೆ

2025ರ ಫೆಬ್ರವರಿಯಲ್ಲಿ ಡೊನಾಲ್ಡ್ ಟ್ರಂಪ್, ಯುಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿಗೆ ಶೇ 4ರಷ್ಟೇ ಜನಬೆಂಬಲವಿದೆ ಎಂದರು. ಅದೇ ತಿಂಗಳು ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಅಧ್ಯಕ್ಷರ ಮೇಲೆ ನಂಬಿಕೆಯಿದೆ ಎಂದವರು ಶೇ 57. ಇದೇ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಚುನಾವಣೆಯ ಬಗ್ಗೆ ವಿಚಾರಿಸಿದಾಗ, ಯುದ್ಧ ಮುಗಿಯುವ ತನಕ ಬೇಡ ಎಂದವರು ಶೇ 81. ಬಾಂಬು ಬೀಳುವ ದೇಶದಲ್ಲಿ ಇಂಥ ಅಂಕಿ ಸಿಗುವುದಾದರೂ ಹೇಗೆ?

ಮನೆಮನೆಗೆ ಹೋಗುವಂತಿಲ್ಲ, ಊರು ಬಿಟ್ಟವರು ಲಕ್ಷಾಂತರ ಮಂದಿ, ಮನೆಗಳ ಹಳೆಯ ಪಟ್ಟಿ ಉಪಯೋಗಕ್ಕೆ ಬಾರದು. ಹಾಗಾಗಿ ಮೊಬೈಲೇ ಗತಿ. 067, 050, 063ರಂಥ ಕಂಪನಿ ಸಂಕೇತಗಳ ಮುಂದೆ ಕಂಪ್ಯೂಟರ್ ಏಳು ಅಂಕಿಗಳನ್ನು ಯಾದೃಚ್ಛಿಕವಾಗಿ ಜೋಡಿಸುತ್ತದೆ. ಎಷ್ಟೋ ಸಂಖ್ಯೆಗಳು ಚಾಲ್ತಿಯಲ್ಲೇ ಇರುವುದಿಲ್ಲ, ಎತ್ತಿದವರಲ್ಲೂ ಹಲವರು ಒಲ್ಲೆನೆನ್ನುತ್ತಾರೆ. ವಿದ್ಯುತ್ ಹೋದ ಊರಲ್ಲಿ ಟವರಿನ ಬ್ಯಾಟರಿ ಕೆಲವೇ ಗಂಟೆ ಬಾಳುತ್ತದೆ; ಮತ್ತೆ ಮತ್ತೆ ಕರೆ ಮಾಡದಿದ್ದರೆ ಆ ಊರೇ ಲೆಕ್ಕದಿಂದ ಜಾರಿಹೋಗುತ್ತದೆ.

ಸುಮಾರು 1,000 ಮಂದಿಯ ಉತ್ತರ ಸಿಕ್ಕರೆ ಗಣಿತದ ಪ್ರಕಾರ ಏರುಪೇರು ಶೇ 3.1. ವಯಸ್ಸು, ಲಿಂಗ, ಪ್ರದೇಶಕ್ಕೆ ತಕ್ಕಂತೆ ಉತ್ತರಗಳಿಗೆ ತೂಕ ಕೊಟ್ಟು ಸರಿದೂಗಿಸಿದಾಗ ಅದು ಶೇ 4.1ಕ್ಕೆ ಏರುತ್ತದೆ. ಅಂದರೆ 57 ಎಂಬುದು 53 ಇದ್ದೀತು, 61 ಇದ್ದೀತು. 4 ಅಂತೂ ಆಗಲಾರದು.

ನಿಜವಾದ ತೊಡಕು ಈ ಲೆಕ್ಕದ ಆಚೆ ಇದೆ. ರಷ್ಯಾ ಹಿಡಿದಿರುವ, ದೇಶದ ಸುಮಾರು ಐದನೇ ಒಂದು ಭಾಗ ಸಮೀಕ್ಷೆಯ ಹೊರಗೆ. ವಿದೇಶಕ್ಕೆ ಹೋದ 50 ಲಕ್ಷಕ್ಕೂ ಮೀರಿದ ನಿರಾಶ್ರಿತರೂ ಸಾಮಾನ್ಯವಾಗಿ ಹೊರಗೆ, ಆದರೆ ಅವರಲ್ಲಿ ವಯಸ್ಕರಿಗೆಲ್ಲ ಮತದ ಹಕ್ಕಿದೆ. ಮುಂಚೂಣಿಯ ಸೈನಿಕ ಫೋನ್ ಹಚ್ಚಿದರೆ ಶತ್ರುವಿಗೆ ತನ್ನ ಜಾಗ ತೋರಿಸಿಕೊಟ್ಟಂತೆ. ಅವನ ದನಿಯೂ ಕಮ್ಮಿಯೇ.

ಭಯದಿಂದ ಸುಳ್ಳು ಹೇಳಿದರೆ? ಅದಕ್ಕೊಂದು ಜಾಣ ಉಪಾಯವಿದೆ. ಅರ್ಧ ಜನರಿಗೆ ನಾಲ್ಕು ನಿರುಪದ್ರವಿ ಹೇಳಿಕೆ ಓದಿ, 'ಎಷ್ಟನ್ನು ಒಪ್ಪುತ್ತೀರಿ' ಎಂದಷ್ಟೇ ಕೇಳುವುದು. ಉಳಿದರ್ಧಕ್ಕೆ ಅವೇ ನಾಲ್ಕರ ಜೊತೆ ಸೂಕ್ಷ್ಮವಾದ ಐದನೆಯದು. ಮೊದಲ ಗುಂಪಿನ ಸರಾಸರಿ 1.9, ಎರಡನೆಯದರದು 2.6 ಬಂತೆನ್ನಿ: ವ್ಯತ್ಯಾಸ 0.7, ಅಂದರೆ ಐದನೆಯದನ್ನು ಒಪ್ಪುವವರು ಶೇ 70. ಯಾರು ಒಪ್ಪಿದರೆಂದು ಕೇಳಿದವರಿಗೂ ತಿಳಿಯದು. ಆದರೆ ಏರುಪೇರು ದೊಡ್ಡದಾಗುವುದರಿಂದ ಇದಕ್ಕೆ ಜನ ಹೆಚ್ಚು ಬೇಕು.

ಇಷ್ಟಾದರೂ ಎಡವುವುದು ಹೆಚ್ಚಾಗಿ ಪ್ರಶ್ನೆಯ ಮಾತಿನಲ್ಲಿ. 'ಈಗ ಚುನಾವಣೆ ಬೇಕೆ', 'ಕದನವಿರಾಮವಾದ ಮೇಲೆ ಬೇಕೆ', 'ಅಂತಿಮ ಒಪ್ಪಂದದ ನಂತರ ಬೇಕೆ' ಇವು ಮೂರು ಬೇರೆ ಪ್ರಶ್ನೆಗಳು. ಪತ್ರಿಕೆಯ ಶೀರ್ಷಿಕೆಯಲ್ಲಿ ಮೂರೂ ಒಂದಾಗಿಬಿಡುತ್ತವೆ. ಮೇಲಾಗಿ ಯುದ್ಧಕಾಲದ ತುರ್ತು ಆಡಳಿತ (ಮಾರ್ಷಲ್ ಲಾ) ಜಾರಿಯಲ್ಲಿರುವಾಗ ಚುನಾವಣೆ ನಡೆಸುವುದನ್ನು ಯುಕ್ರೇನಿನ ಕಾನೂನೇ ತಡೆಯುತ್ತದೆ. ಅದನ್ನು ಹೇಳಿ ಕೇಳಿದಾಗ ಬರುವ 'ಬೇಡ', ಹೇಳದೆ ಕೇಳಿದಾಗ ಬರುವ 'ಬೇಡ' ಒಂದೇ ಎಂದುಕೊಳ್ಳುವಂತಿಲ್ಲ.