ಗಟ್ಟಿ ಆಯಿಲ್ ಎಂಬ ಭ್ರಮೆ

ಗ್ಯಾರೇಜುಗಳಲ್ಲಿ ಒಂದು ಶಾಸ್ತ್ರವಿದೆ. ಇಂಜಿನ್ನಿನಿಂದ ಅಳತೆ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, "ನೀರಾಗಿದೆ ಸಾರ್, ಗಟ್ಟಿ ಆಯಿಲ್ ಹಾಕ್ಬಿಡ್ಲಾ?" ಎನ್ನುವುದು. ನಾಡಿ ಹಿಡಿದ ವೈದ್ಯರ ಗತ್ತು! ಬಿಸಿ ಇಂಜಿನ್ನಿನ ಎಣ್ಣೆ ತೆಳುವಾಗಿಯೇ ಇರುತ್ತದೆ. ಕಪ್ಪಾಗಿದ್ದರೂ ಗಾಬರಿ ಬೇಡ, ಮಸಿಯನ್ನು ಲೋಹಕ್ಕೆ ಅಂಟಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಂಡಿದೆ ಅಷ್ಟೆ.

ಡಬ್ಬಿಯ ಮೇಲಿನ 10ಡಬ್ಲ್ಯು-30ರಲ್ಲಿ ಡಬ್ಲ್ಯು ಅಂದರೆ ವಿಂಟರ್, ವೆಯ್ಟ್ ಅಲ್ಲ. 10ಡಬ್ಲ್ಯು ಎಣ್ಣೆಯಲ್ಲಿ ಇಂಜಿನ್ ತಿರುಗೀತೇ ಎಂಬ ಪರೀಕ್ಷೆ ನಡೆಯುವುದು ಮೈನಸ್ 25 ಡಿಗ್ರಿಯಲ್ಲಿ; ಮಡಿಕೇರಿಯ ಚಳಿಯೂ ಅದರ ಹತ್ತಿರ ಸುಳಿಯದು. ಎರಡನೇ ಅಂಕಿ, 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಲೆಕ್ಕ.

ಬೆಲ್ಲದ ಪಾಕ ಒಲೆಯ ಮೇಲೆ ತೆಳು, ಆರಿದರೆ ಮಂದ. ಎಣ್ಣೆಯದೂ ಅದೇ ಸ್ವಭಾವ. ಒಂದೇ ಎಣ್ಣೆ ಎರಡೂ ಹೊತ್ತಿಗೆ ಒದಗಲೆಂದು ಅದರಲ್ಲಿ ಪಾಲಿಮರ್ ಸರಪಳಿಗಳನ್ನು ಬೆರೆಸುತ್ತಾರೆ. ಚಳಿಯಲ್ಲಿ ಬೀದಿ ನಾಯಿ ಮುದುಡಿ ಮಲಗುತ್ತದೆ, ಬಿಸಿಲೇರಿದರೆ ಕೈಕಾಲು ಚಾಚುತ್ತದೆ. ಪಾಲಿಮರೂ ಹಾಗೇ: ತಂಪಿನಲ್ಲಿ ಮುದ್ದೆಯಾಗಿ ಯಾರಿಗೂ ಅಡ್ಡ ಬರದು, ಬಿಸಿಯಲ್ಲಿ ಬಿಚ್ಚಿಕೊಂಡು ಹರಿವಿಗೆ ತೊಡರುತ್ತದೆ. ಸಂತೆಯಲ್ಲಿ ಬುಟ್ಟಿ ತಲೆಯ ಮೇಲಿದ್ದರೆ ಜನ ಸರಾಗ ನಡೆಯುತ್ತಾರೆ. ಬುಟ್ಟಿ ಇಳಿಸಿ ಸರಕು ಹರಡಿದರೆ ದಾರಿ ಬಿಗಿಯಾಗುತ್ತದಲ್ಲ, ಹಾಗೆ. ತೊಂದರೆಯೆಂದರೆ, ಗೇರಿನ ಹಲ್ಲುಗಳು ಈ ಸರಪಳಿಗಳನ್ನು ಶ್ಯಾವಿಗೆಯಂತೆ ತುಂಡರಿಸುತ್ತವೆ. ಬೈಕಿನಲ್ಲಂತೂ ಇಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ.

ಸಿಂಥೆಟಿಕ್‌ನ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಎಣ್ಣೆಯ) ಹೆಚ್ಚುಗಾರಿಕೆ ಇಲ್ಲೇ ಇರುವುದು. ಅದರ ಮೂಲ ಎಣ್ಣೆಯೇ ಬಿಸಿಗೆ ಅಷ್ಟಾಗಿ ತೆಳುವಾಗದು. ಪಾಲಿಮರ್ ಕಡಿಮೆ ಸಾಕು.

ಹಿಂದೆ ಇಂಜಿನ್ನಿಗೆ ನೆಚ್ಚಿದ್ದು ನಮ್ಮ ಹರಳೆಣ್ಣೆಯನ್ನೂ! ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್ನುಗಳು ಹರಳೆಣ್ಣೆ ಕುಡಿದೇ ಹಾರಿದವು, ಪೆಟ್ರೋಲಿನಲ್ಲಿ ಅದು ಸುಲಭಕ್ಕೆ ಕರಗದೆಂದು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಕ್ಯಾಸ್ಟರ್‌ನಿಂದಲೇ. ಭೇದಿಯಾಗಲೆಂದು ಅಜ್ಜಿ ಕೊಡುತ್ತಿದ್ದ ಅದೇ ಎಣ್ಣೆ.

ಇರಲಿ, ಜೇಬಿನ ಮಾತಿಗೆ ಬರೋಣ. 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಸಂಸ್ಥೆಯೊಂದು, ಕಚ್ಚಾತೈಲವನ್ನೇ ಹೈಡ್ರೋಜನ್ ಜೊತೆ ಭಾರೀ ಒತ್ತಡದಲ್ಲಿ ಮಾರ್ಪಡಿಸಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂದಿತು. ಅಗ್ಗದ 'ಫುಲ್ ಸಿಂಥೆಟಿಕ್' ಬಹುಪಾಲು ಇದೇ ಬಗೆಯದು, ಎಣ್ಣೆಯವರ ಭಾಷೆಯಲ್ಲಿ ಗ್ರೂಪ್-3. ಮೋಸವೆಂದು ಮೂಗು ಮುರಿಯುವವರಿದ್ದಾರೆ. ದಿನಾ ಆಫೀಸಿಗೆ ಓಡುವ ಗಾಡಿಗೆ ಧಾರಾಳವಾಗಿ ಸಾಕು ಅನ್ನುವುದು ನನ್ನ ಮತ. ಕೈಪಿಡಿ ಹೇಳಿದ ಗ್ರೇಡು, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಕೂಡಿಬಂದ ಡಬ್ಬಿಗಳಲ್ಲಿ ಅಗ್ಗದ್ದನ್ನು ಎತ್ತಿಕೊಳ್ಳಿ. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್ (ಕಚ್ಚಾತೈಲದಿಂದ ಸೋಸಿದ ಮಾಮೂಲಿ ಎಣ್ಣೆ) ಹಾಕಬಾರದೆಂಬುದು ಬರೀ ಕಟ್ಟುಕತೆ, ಎರಡೂ ಬೆರೆಯುತ್ತವೆ.

ಗೇರಿನ ಬೈಕಾದರೆ ಮಾತ್ರ ಜಾಸೊ (ಜಪಾನಿನ ವಾಹನ ಮಾನಕ) ಎಂಎ ಅಥವಾ ಎಂಎ2 ಗುರುತು ಬೇಕೇ ಬೇಕು, ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದು ಜಾರಬಾರದು. ಗೇರಿಲ್ಲದ ಸ್ಕೂಟರಿಗೆ ಎಂಬಿ. ನಾನೊಮ್ಮೆ ಜಿಪುಣತನಕ್ಕೆ ಕಾರಿಗೆ ತಂದು ಉಳಿದಿದ್ದ ಎಣ್ಣೆಯನ್ನೇ ಬೈಕಿಗೆ ಸುರಿದೆ. ಚಾರ್ಮಾಡಿ ಏರಿನಲ್ಲಿ ಆಕ್ಸಿಲರೇಟರ್ ತಿರುವಿದಷ್ಟೂ ಇಂಜಿನ್ ಕಿರುಚಿತೇ ಹೊರತು ಗಾಡಿ ಏರಲಿಲ್ಲ, ಕ್ಲಚ್ ಜಾರುತ್ತಿತ್ತು. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದೆ. ಎಂಎ ಇರಲಿಲ್ಲ.