ಗೋಡೆ ಮೇಲಿನ ಸರ್ಟಿಫಿಕೇಟ್ ಯಾವುದರದ್ದು?

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಹೋದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್‌ಗೆ ಬಂದರು. ಸೆರಗಿನ ಗಂಟು ಬಿಚ್ಚಿ ಪುಟ್ಟ ಡ್ರಾಪ್ಸ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಹಾಕಿದ್ರೆ ತಣ್ಣಗಿರುತ್ತೆ ಸಾರ್, ಬಿಟ್ರೆ ಉರಿ." ನೋಡಿದರೆ ಸ್ಟೀರಾಯ್ಡ್, ಬಹಳ ದಿನ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಿಸಬಲ್ಲ ಔಷಧಿ. ಏಳೆಂಟು ತಿಂಗಳಿಂದ ಹಾಕುತ್ತಿದ್ದರಂತೆ. ಕಣ್ಣಿನ ಒತ್ತಡ 21ರೊಳಗಿರಬೇಕು, ಇವರದು 38. ಕೊಟ್ಟವರು ಕನ್ನಡಕದ ಅಂಗಡಿಯ 'ಡಾಕ್ಟ್ರು'.

"ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇತ್ತಲ್ಲ ಸಾರ್?"

ಇತ್ತು. ವಿಚಾರಿಸಿದಾಗ ಗೊತ್ತಾಯಿತು, ಅದು ಟ್ರೇಡ್ ಲೈಸೆನ್ಸ್. ಪಕ್ಕದ ಬೇಕರಿಯಲ್ಲೂ ಅಂಥದ್ದೇ ತೂಗುತ್ತಿರುತ್ತದೆ. ಅದು ಕನ್ನಡಕ ಮಾರಲು ಅನುಮತಿ, ಔಷಧಿ ಬರೆಯಲು ಅಲ್ಲ.

ಕಣ್ಣಿನ ವೈದ್ಯರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ರಿಜಿಸ್ಟರಿನಲ್ಲಿ ಇರಲೇಬೇಕು. ಎಂಬಿಬಿಎಸ್ ನಂತರ ಕಣ್ಣಿನ ವಿಷಯದಲ್ಲಿ ಪಡೆದ ಎಂಎಸ್ ಅಥವಾ ಡಿಎನ್‌ಬಿಯಂಥ ಮೇಲಿನ ಅರ್ಹತೆಯನ್ನೂ ಅಲ್ಲೇ ಸೇರಿಸಿಕೊಳ್ಳಬೇಕು. ನೋಂದಣಿ ಸಂಖ್ಯೆ ಕ್ಲಿನಿಕ್‌ನಲ್ಲಿ, ಔಷಧಿ ಚೀಟಿಯಲ್ಲಿ, ಹಣ ಕಟ್ಟಿದ ರಸೀದಿಯಲ್ಲೂ ಕಾಣಬೇಕೆಂಬುದು 2002ರ ವೈದ್ಯಕೀಯ ನಡತೆಯ ನಿಯಮ. ವೈದ್ಯರ ನೋಂದಣಿ ಬೇರೆ, ಕ್ಲಿನಿಕ್‌ನ ನೋಂದಣಿ ಬೇರೆ. ಖಾಸಗಿ ಕ್ಲಿನಿಕ್‌ಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ಆಪ್ಟೊಮೆಟ್ರಿಸ್ಟ್‌ಗಳನ್ನು, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಹೇಳಲು ಓದಿ ಬಂದವರನ್ನು, ಇದರಲ್ಲಿ ಸೇರಿಸಿ ಬೈಯುವುದು ತಪ್ಪು. ನಂಬರ್ ನೋಡುವುದರಲ್ಲಿ ಅವರದು ಪಳಗಿದ ಕೈ. ಅನುಮಾನ ಬಂದರೆ ನಮ್ಮ ಹತ್ತಿರ ಕಳಿಸುವವರೂ ಅವರೇ. ಪಾಪ, ಓದಿ ಬಂದರೂ ಹೆಸರು ದಾಖಲಿಸಲು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಅವರಿಗೆ ಇರಲಿಲ್ಲ. 2021ರಲ್ಲಿ ಸಂಸತ್ತು ಪೂರಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿ ಅವರನ್ನು ಅದರ ಪಟ್ಟಿಗೆ ಸೇರಿಸಿತು. ರಿಜಿಸ್ಟರ್ ಇಡುವುದು ರಾಜ್ಯ ಮಂಡಳಿಯ ಕೆಲಸ. ರಾಜ್ಯಗಳು ಎಳೆದಾಡುತ್ತಿದ್ದವು, 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ಕೊಡಬೇಕಾಯಿತು. ಕನ್ನಡಕ ಜೋಡಿಸಿ ಕೊಡುವ ಅಂಗಡಿಯವರು ಆಪ್ಟೊಮೆಟ್ರಿಸ್ಟ್‌ಗಳಲ್ಲ. ನಮ್ಮೂರಲ್ಲಿ ಎಲ್ಲರೂ 'ಕಣ್ಣಿನ ಡಾಕ್ಟ್ರೇ', ಅದೇ ತೊಂದರೆ.

ಆ ಹೆಂಗಸಿನ ಒತ್ತಡ ಈಗ 18ಕ್ಕೆ ಬಂದಿದೆ. ಎಡಗಣ್ಣಿನ ಬದಿಯ ನೋಟ ಹೋದದ್ದು ಹೋಯಿತು. ಮೂರನೇ ಸಲ ಬಂದಾಗ ಬಿಲ್ ಕೈಯಲ್ಲಿ ಹಿಡಿದು ಕೇಳಿದರು: "ರಸೀದಿಯಲ್ಲೂ ನಂಬರ್ ಇರಬೇಕು ಅಂದ್ರಲ್ಲ ಸಾರ್, ನಿಮ್ಮದೆಲ್ಲಿ?"

ಚೀಟಿಯಲ್ಲಿತ್ತು, ರಸೀದಿಯಲ್ಲಿರಲಿಲ್ಲ. ಅವತ್ತು ಸಂಜೆಯೇ ರಬ್ಬರ್ ಸ್ಟ್ಯಾಂಪ್ ಮಾಡಿಸಲು ಕೊಟ್ಟೆ.