ಎವ್ರಿವನ್ ಒಂದೇ, ನನ್ ಎರಡೂ

‘ಎವ್ರಿವನ್ ಆರ್ ಇನ್ವೈಟೆಡ್.’ ಕಳೆದ ವಾರ ಕೈಗೆ ಬಂದ ಗೃಹಪ್ರವೇಶದ ಕಾರ್ಡಿನಲ್ಲಿ, ಚಿನ್ನದ ಬಣ್ಣದ ಅಕ್ಷರದಲ್ಲಿ ಈ ಸಾಲು ಹೊಳೆಯುತ್ತಿತ್ತು. ಅದಕ್ಕೂ ಮುಂಚೆ ಒಂದು ಶಾಲೆಯ ನೋಟಿಸಿನಲ್ಲಿ ಇದನ್ನೇ ಓದಿದ್ದೆ. ಎರಡೂ ಕಡೆ ‘ಈಸ್’ ಬರಬೇಕಿತ್ತು.

ತಪ್ಪಿನ ಬೇರು ನಮ್ಮ ಮಾತಿನಲ್ಲೇ ಇದೆ. ‘ಎಲ್ಲರೂ ಬಂದರು’ ಅನ್ನುತ್ತೇವೆ. ‘ಪ್ರತಿಯೊಬ್ಬರೂ’ ಅಂದರೂ ಮುಂದೆ ‘ಬಂದರು’ ಅಂತಲೇ ಬಾಯಿಗೆ ಬರುತ್ತದೆ. ಆದರೆ ಇಂಗ್ಲಿಷಿನ ಎವ್ರಿವನ್ ಜನರನ್ನು ಗುಂಪಾಗಿ ನೋಡುವುದಿಲ್ಲ, ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಆ್ಯವ್ರೆ ಆ್ಯಲ್ಚ್’ ಅಂತ ಎರಡು ಪದ ಜೊತೆಯಾಗಿ ಬರುತ್ತಿದ್ದವು. ಆ್ಯವ್ರೆ ಇವತ್ತಿನ ಎವರ್, ಆ್ಯಲ್ಚ್ ಇವತ್ತಿನ ಈಚ್. ಈ ಜೋಡಿ ಸವೆದು ಸವೆದು ‘ಎವ್ರಿ’ ಆಯಿತು. ಅಂದರೆ ಎವ್ರಿವನ್ ಒಳಗೆ ಈಚ್ ಅಡಗಿದೆ, ಕೊನೆಯಲ್ಲಿ ವನ್ ಕಣ್ಣಿಗೇ ಕಾಣುತ್ತದೆ. ಇಷ್ಟಾದ ಮೇಲೂ ‘ಆರ್’ ಯಾಕೆ?

ಎವ್ರಿಬಡಿ, ನೋಬಡಿ, ಸಮ್‌ವನ್ ಎಲ್ಲಕ್ಕೂ ಇದೇ ಲೆಕ್ಕ. ‘ಈಚ್ ಆಫ್ ದ ಸ್ಟೂಡೆಂಟ್ಸ್’ ಅಂದಾಗಲೂ ‘ಹ್ಯಾಸ್’. ಪಕ್ಕದ ಸ್ಟೂಡೆಂಟ್ಸ್ ನೋಡಿ ‘ಹ್ಯಾವ್’ ಬರೆಯಬೇಡಿ, ಅಲ್ಲಿ ಕರ್ತೃ ಈಚ್.

ಇನ್ನು ಇಂಗ್ಲಿಷಿನ ‘ನನ್’ (none) ವಿಷಯ. ಇಲ್ಲಿ ತಪ್ಪುವವರಿಗಿಂತ ಸುಮ್ನೆ ತಿದ್ದುವವರೇ ಜಾಸ್ತಿ. ‘ನನ್ ಆಫ್ ದೆಮ್ ಆರ್’ ಕಂಡರೆ ಸಾಕು, ಕೆಂಪು ಗೀಟು ಬೀಳುತ್ತದೆ. ನನ್ ಅಂದರೆ ‘ನಾಟ್ ವನ್’, ಹಾಗಾಗಿ ಏಕವಚನವೇ ಆಗಬೇಕು ಅನ್ನುತ್ತಾರೆ. ಹುಟ್ಟಿನ ಮಟ್ಟಿಗೆ ಆ ಮಾತು ನಿಜ. ಇಲ್ಲ ಅನ್ನುವ ‘ನೆ’, ಒಂದು ಅನ್ನುವ ‘ಆನ್’ ಸೇರಿ ‘ನಾನ್’ ಆಗಿತ್ತು. ಆದರೆ ಹುಟ್ಟು ಒಂದೇ ನೋಡಿದರೆ ಆಗುತ್ತಾ? ಎವ್ರಿವನ್‌ಗೆ ಹುಟ್ಟು, ಬಳಕೆ ಎರಡೂ ಏಕವಚನದ ಕಡೆಗಿವೆ. ನನ್ ಹಾಗಲ್ಲ. ಹಳೆಯ ಇಂಗ್ಲಿಷಿನ ಕಾಲದಿಂದಲೇ ಅದರ ಜೊತೆ ಬಹುವಚನವೂ ನಡೆದುಬಂದಿದೆ. ಇಂಗ್ಲಿಷ್ ಬಳಕೆಯ ಬಗ್ಗೆ ತುಂಬಾ ಕಟ್ಟುನಿಟ್ಟಾಗಿದ್ದ ಹೆನ್ರಿ ಫೌಲರ್ ಕೂಡ, ನನ್‌ಗೆ ಏಕವಚನವೇ ಬೇಕು ಅನ್ನುವುದು ತಪ್ಪು ತಿಳಿವಳಿಕೆ ಅಂತ 1926ರಲ್ಲೇ ಬರೆದಿದ್ದರು.

ಈ ವಿಷಯದಲ್ಲಿ ಕನ್ನಡದ ಕಿವಿ ನೆರವಿಗೆ ಬರುವುದಿಲ್ಲ. ‘ಅವನು ಬರಲಿಲ್ಲ’, ‘ಅವರು ಬರಲಿಲ್ಲ’, ‘ಯಾರೂ ಬರಲಿಲ್ಲ’. ಒಬ್ಬರೋ ಹಲವರೋ ಅಂತ ‘ಬರಲಿಲ್ಲ’ ಹೇಳುವುದೇ ಇಲ್ಲ. ಹಾಗಾಗಿ ‘ಆಫ್’ ಆದಮೇಲೆ ಏನಿದೆ ನೋಡಿ. ಹಾಲು ಎಣಿಸುವ ವಸ್ತುವಲ್ಲ, ‘ನನ್ ಆಫ್ ದ ಮಿಲ್ಕ್ ಈಸ್’ ಅಂತಲೇ ಬರೆಯಬೇಕು. ಬಸ್ಸುಗಳಾದರೆ ‘ಆರ್’ ಅನ್ನಿ. ಒಂದೇ ಒಂದು ಬಸ್ಸೂ ಇಲ್ಲ ಅಂತ ಒತ್ತಿ ಹೇಳಬೇಕಿದ್ದರೆ ‘ಈಸ್’ ಅನ್ನಿ. ಎರಡಕ್ಕೂ ಕೆಂಪು ಗೀಟು ಬೇಡ.